ಎರಡು ಚರಿಗೆ ನೀರು

"ಇನ್ನಾ ಜರಾ ತಡೀರಿ ಬಾಯಾರ, ಅದರ ಹೊಟ್ಟಿ ತುಂಬಿಲ್ಲ," ಎನ್ನುತ್ತ ಧೂಳಮ್ಮ ಒಲೆಗೆ ಒದ್ದೆ ಹುಲ್ಲಿನ ಇನ್ನೊಂದು ಹಿಡಿ ಹಾಕಿದಳು. ಅದರ ಮೇಲೆ ಒಂದಿಷ್ಟು ಕುರಿಯ ಉಣ್ಣೆ. ದಟ್ಟ ಹೊಗೆ ಎದ್ದಿತು. ಸುಟ್ಟ ಕೂದಲಿನ ವಾಸನೆ ರಾಜೇಶ್ವರದ ಸರಕಾರಿ ಪ್ರೌಢಶಾಲೆಯ ಅಂಗಳವನ್ನೆಲ್ಲ ತುಂಬಿತು. ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕರು.

ಪೂನಂ ಬೆಂಚಿನ ಮೇಲೆ ನಿಂತು ಕಾಗದದ ಚೀಲದ ನೆತ್ತಿಯನ್ನು ಉದ್ದನೆಯ ಕೋಲಿನಿಂದ ಎತ್ತಿ ಹಿಡಿದಿದ್ದಳು. ಒಂಬತ್ತನೆಯ ತರಗತಿಯವರು ಎರಡು ವಾರ ಕೂತು ಗಾಳಿಪಟದ ಕಾಗದ ಅಂಟಿಸಿ ಮಾಡಿದ ಬಲೂನು ಅದು, ಎರಡಾಳೆತ್ತರ ಇತ್ತು. ಒಲೆಯ ಮೇಲೆ ಬಾಯಿ ತೆರೆದುಕೊಂಡು ಅದು ಮಲಗಿದ ದನ ಏಳುವಾಗಿನಂತೆ ಒಂದೊಂದೇ ಪಕ್ಕೆಯನ್ನು ಬಿಡಿಸಿಕೊಳ್ಳುತ್ತಿತ್ತು.

ಅಂದು ವಿಜ್ಞಾನ ದಿನ. ತಂಪು ಹೊತ್ತಿನಲ್ಲೇ ಹಾರಿಸಬೇಕೆಂದು ಪೂನಂ ಹುಮನಾಬಾದಿನಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಅವಳು ಆ ಶಾಲೆಯ ಅತಿಥಿ ಶಿಕ್ಷಕಿ, ಊರವರ ಬಾಯಲ್ಲಿ ಬಾಯಾರ. ಆರು ವರ್ಷದಲ್ಲಿ ಇದು ಅವಳಿಗೆ ನಾಲ್ಕನೆಯ ಶಾಲೆ. ಪ್ರತಿ ಜೂನಿನಲ್ಲಿ ಹೆಸರು ಬರುತ್ತದೋ ಇಲ್ಲವೋ ಎಂದು ಕಾಯಬೇಕು, ಪ್ರತಿ ಏಪ್ರಿಲ್‌ನಲ್ಲಿ ಬೀರುವಿನ ಕೀಲಿ ಒಪ್ಪಿಸಿ ಹೊರಡಬೇಕು. ತರಗತಿಯಲ್ಲಿ ಪಾಠ ಹೇಳುವಾಗಲೂ ಅವಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಇರುತ್ತಿದ್ದಳು.

ಮೊಟ್ಟಮೊದಲು ಬಲೂನು ಹಾರಿಸಿದ ಫ್ರಾನ್ಸ್ ದೇಶದ ಅಣ್ಣತಮ್ಮಂದಿರ ಕತೆಯನ್ನು ಅವಳು ಹಾಗೆ ನಡೆಯುತ್ತಲೇ ಹೇಳಿದ್ದಳು. ಕಾಗದ ತಯಾರಿಸುವ ಮನೆತನದವರು. ಇನ್ನೂರ ನಲವತ್ತು ವರ್ಷಗಳ ಹಿಂದೆ ಬಟ್ಟೆಗೆ ಕಾಗದ ಹಚ್ಚಿ, ಗುಂಡಿ ಹಾಕಿ ಜೋಡಿಸಿ, ಮನೆಯಷ್ಟು ದೊಡ್ಡ ಚೀಲ ಮಾಡಿ ಊರ ಚೌಕದಿಂದ ಹಾರಿಸಿದರು. ಬಿಸಿಯಾದ ಗಾಳಿ ಹಗುರವಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೊಗೆಯಲ್ಲೇ ಏನೋ ಎತ್ತುವ ಗುಣ ಇದೆ ಎಂದುಕೊಂಡಿದ್ದರು. ಅದಕ್ಕೇ ಒದ್ದೆ ಹುಲ್ಲು, ಉಣ್ಣೆ ಸುಟ್ಟು ಹೊಗೆ ಹೆಚ್ಚಿಸುತ್ತಿದ್ದರು. "ಅವರು ಮಾಡಿದ ತಪ್ಪನ್ನೂ ನಾವು ಹಾಗೇ ಮಾಡಿ ನೋಡೋಣ," ಎಂದಿದ್ದಳು ಪೂನಂ.

ಉಣ್ಣೆ ತಂದುಕೊಟ್ಟವನು ಧೂಳಮ್ಮನ ಗಂಡ ಪಂಡರಿ. ಧೂಳಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಪಂಡರಿ ಕುರಿ ಕಾಯುವವನು. ಎಪ್ಪತ್ತರ ಹತ್ತಿರದ ಮನುಷ್ಯ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗೋಣಿಚೀಲ ಹಿಡಿದು ಹಿಂದಿನ ದಿನ ಮಧ್ಯಾಹ್ನ ಶಾಲೆಗೆ ಬಂದಿದ್ದ. ಚೀಲ ಇಳಿಸಿದರೂ ಹೋಗಲಿಲ್ಲ.

"ಒಂದು ಮಾತು ಕೇಳ್ತೀನ್ರಿ ಬಾಯಾರ. ನಮ್ಮಾಕಿ ಹೇಳಾಕತ್ತಿದ್ಳು, ನೀವು ಕುರಿ ಹಾರಸ್ತೀರಂತ?"

ಪೂನಂ ನಕ್ಕಳು. "ನಾವಲ್ಲ ಕಾಕಾ. ಆ ಕಾಲದಾಗ ಅವರು ಹಾರಿಸಿದ್ರು. ಮನುಷ್ಯಾ ಮ್ಯಾಲ ಹೋದ್ರ ಬದುಕ್ತಾನೋ ಇಲ್ಲೋ ಗೊತ್ತಿರಲಿಲ್ಲ. ಸೆರೆಮನಿ ಕೈದಿಗಳನ್ನ ಕಳಸೂಣು ಅಂದಿದ್ದ ರಾಜಾ. ಕಡೀಕ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ, ಮೂರನ್ನೂ ಬುಟ್ಟ್ಯಾಗ ಕೂಡಿಸಿ ಬಿಟ್ರು."

"ಬದುಕಿ ಬಂತೇನ್ರಿ ಕುರಿ?"

"ಬಂತು. ಮೂರೂ ಬದುಕಿದ್ವು. ಹುಂಜದ ರೆಕ್ಕಿಗಿ ಮಾತ್ರ ಪೆಟ್ಟಾಗಿತ್ತು. ಎತ್ತರದ ಗಾಳೀಲಿಂದ ಹಂಗಾತು ಅಂತ ಓದಿದವ್ರೆಲ್ಲಾ ವಾದ ಮಾಡಿದ್ರು."

ಪಂಡರಿ ತಲೆ ಅಲ್ಲಾಡಿಸಿದ. "ಗಾಳಿ ಏನ್ ಮಾಡ್ತದರಿ? ಕುರಿ ಒದ್ದಿರಬೇಕು. ಹೆದರಿದ ಕುರಿ ಇಕ್ಕಟ್ಟಿನ್ಯಾಗ ಹಿಂಗಾಲ ಝಾಡಿಸ್ತದ. ಸುಮ್ನ ಗಾಳಿ ಮ್ಯಾಲ ಹಾಕ್ಯಾರ."

"ಖರೇನ ಹಂಗೇ ಆಗಿತ್ತು ಕಾಕಾ! ಹಾರೋಕಿಂತ ಮೊದಲೇ ಕುರಿ ಒದ್ದದ್ದು ನೋಡಿದವ್ರು ಹತ್ತು ಮಂದಿ ಇದ್ರಂತ."

"ಮತ್ತ?" ಎಂದ ಪಂಡರಿ, ಇದರಲ್ಲೇನು ದೊಡ್ಡದು ಎಂಬಂತೆ. ಆದರೆ ಗೇಟಿನವರೆಗೂ ಒಬ್ಬನೇ ನಗುತ್ತ ಹೋದ.

ಈಗ ಬಲೂನು ತುಂಬಿ ನಿಂತಿತ್ತು. ಪೂನಂ ಕೋಲು ತೆಗೆದಳು. ಅದು ಅಲುಗಾಡಿ ಎದ್ದು, ಶಾಲೆಯ ಮಾಳಿಗೆಯ ಎತ್ತರಕ್ಕೆ ಹೋಗಿ, ಅಲ್ಲೇ ಸುಸ್ತಾಗಿ ಕೆಳಗಿಳಿಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಹೆಡ್‌ಮಾಸ್ತರ ಅಶೋಕಕುಮಾರ ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡು, "ಭಾರಿ ಆತು ಮೇಡಂ, ಸಾಕು," ಎಂದರು. ಧೂಳಮ್ಮ ಬಿಸಿಯೂಟಕ್ಕೆ ಹೊತ್ತಾಯಿತೆಂದು ಅಡುಗೆಕೋಣೆಗೆ ಹೋದಳು.

ಪೂನಂಗೆ ಸಾಕಾಗಲಿಲ್ಲ. ಇಷ್ಟಕ್ಕಾಗಿ ಎರಡು ವಾರವೇ? ಅವಳ ಚೀಲದಲ್ಲಿ ಸೈಕಲ್ಲಿನ ಕಡ್ಡಿ ಬಗ್ಗಿಸಿ ಮಾಡಿದ ಒಂದು ಬಳೆ ಇತ್ತು. ಅದರ ನಡುವೆ ತಂತಿಯಿಂದ ಬಿಗಿದ ತಗಡಿನ ಮುಚ್ಚಳ. ಬೇಕಾದೀತು ಎಂದು ಮನೆಯಲ್ಲೇ ಮಾಡಿ ತಂದಿದ್ದಳು. ಎಣ್ಣೆಯಲ್ಲಿ ಅದ್ದಿದ ಅರಳೆ, ನಾಲ್ಕು ಕರ್ಪೂರದ ಬಿಲ್ಲೆ ಆ ಮುಚ್ಚಳದಲ್ಲಿಟ್ಟು, ಬಳೆಯನ್ನು ಬಲೂನಿನ ಬಾಯಿಗೆ ಕಟ್ಟಿದಳು. ಕೆಳಗೆ ಸುತಳಿ ಕಟ್ಟಿ ಅದರ ತುದಿಯನ್ನು ತನ್ನ ಕೈಗೆ ಸುತ್ತಿಕೊಂಡಳು. ಎಳೆದರೆ ಇಳಿಯುತ್ತದೆ. ಮೊದಲ ಸಲ ಮನುಷ್ಯರು ಹಾರಿದಾಗ ಕಿಡಿ ಬಿದ್ದು ಬಟ್ಟೆ ತೂತಾಗುತ್ತಿತ್ತು, ಆರಿಸಲು ನೀರು ಹೀರಿದ ಅರಿವೆ ಜೊತೆಗಿಟ್ಟುಕೊಂಡಿದ್ದರು ಎಂದು ಅವಳೇ ಮಕ್ಕಳಿಗೆ ಹೇಳಿದ್ದಳು. ಹೇಳಿದ್ದು ಆ ಗಳಿಗೆಯಲ್ಲಿ ಅವಳಿಗೇ ನೆನಪಾಗಲಿಲ್ಲ.

ಮತ್ತೆ ಒಲೆಯ ಬಿಸಿ ತುಂಬಿಸಿ ಮುಚ್ಚಳದ ಅರಳೆಗೆ ಬೆಂಕಿ ಹಚ್ಚಿದಾಗ, ಈ ಸಲ ಬಲೂನು ಅವಳ ಕೈಯನ್ನು ಎಳೆಯಿತು. ಮಾಳಿಗೆ ದಾಟಿತು, ಬೇವಿನಮರ ದಾಟಿತು. ಸೂರ್ಯನ ಬೆಳಕು ಅದರ ಒಳಗೆ ಹೊಕ್ಕು ಕೆಂಪು ಹಳದಿ ಕಾಗದವೆಲ್ಲ ಹೊಳೆಯಿತು. ಸುತಳಿ ಮುಗಿದು ಅಂಗೈಯನ್ನು ಕೊಯ್ಯತೊಡಗಿದಾಗ ಅವಳು ಎಳೆಯಬೇಕಿತ್ತು. ಅದು ಇನ್ನೂ ಹೋಗಬೇಕೆನ್ನುತ್ತಿತ್ತು. ಒಂದೇ ಗಳಿಗೆ. ಅವಳು ಬೆರಳು ಸಡಿಲಿಸಿದಳು.

"ಅಯ್ಯೋ, ಜಾರ್ತು!" ಎಂದಳು ಆಮೇಲೆ, ಎಲ್ಲರಿಗೂ ಕೇಳುವ ಹಾಗೆ.

ಬಲೂನು ತೇಲುತ್ತ ಹೊಲಗಳ ಕಡೆ ಹೋಯಿತು. ಹುಣಸೆಮರಗಳ ಸಾಲಿನ ಆಚೆ ಕಾಣದಾಯಿತು.

*

ಒಂಬತ್ತೂವರೆಗೆ ಆ ಮರಗಳ ಆಚೆಯಿಂದ ಹೊಗೆ ಕಾಣಿಸಿತು. ಮಧ್ಯಾಹ್ನದೊಳಗೆ ಸುದ್ದಿ ಶಾಲೆಗೆ ಬಂತು. ಮಹಾರುದ್ರಪ್ಪ ಸಾವ್ಕಾರರ ಜೋಳದ ಕಣಿಕೆಯ ಬಣವೆ ಪೂರ್ತಿ ಸುಟ್ಟು ಬೂದಿಯಾಗಿತ್ತು. ಎಂಟು ಎತ್ತು, ಆರು ಎಮ್ಮೆಗಳ ವರ್ಷದ ಮೇವು. ಜನ ಕೊಡ ಹಿಡಿದು ಓಡುವಷ್ಟರಲ್ಲಿ ಹತ್ತಿರ ಹೋಗಲಾಗದಷ್ಟು ಝಳ. ಮುಂಜಾನೆಯ ಕಾಗದದ ಬಲೂನನ್ನು ಯಾರೂ ಇದಕ್ಕೆ ಜೋಡಿಸಲಿಲ್ಲ.

ಪೂನಂ ಆ ದಿನ ಉಳಿದ ಮೂರು ಪಾಠ ಮಾಡಿದಳು. ಏನು ಹೇಳಿದಳೋ ಅವಳಿಗೆ ನೆನಪಿಲ್ಲ. ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಖಾಲಿ ಇದ್ದರೂ ಕೂರದೆ ಹುಮನಾಬಾದಿನವರೆಗೂ ನಿಂತೇ ಹೋದಳು.

ಮರುದಿನ ಅಡುಗೆಕೋಣೆಯಲ್ಲಿ ಧೂಳಮ್ಮ ಅಕ್ಕಿ ತೊಳೆಯುತ್ತ ಹೇಳಿದಳು.

"ನಮ್ಮವರ ಮ್ಯಾಲ ಬಂತ್ರಿ ಬಾಯಾರ. ಬಾಜೂ ಹೊಲದಾಗೇ ಕುರಿ ನಿಂದರಿಸಿದ್ರಲ್ಲ, ಗೊಬ್ಬರಕ್ಕಂತ. ಮುಂಜಾನಿ ಮೂರು ಕಲ್ಲು ಹೂಡಿ ಚಾ ಕಾಸಿದ್ರಂತ. ಆ ಬೆಂಕೀದೇ ಕಿಡಿ ಅಂದ್ರು ಎಲ್ಲಾರೂ. ನಿನ್ನಿ ಸಂಜೀಕ ಬಸವಣ್ಣನ ಗುಡಿ ಕಟ್ಟಿಗಿ ಕರದ್ರು."

"ಕಾಕಾ ಏನಂದ್ರು?" ಎಂದಳು ಪೂನಂ.

"ಏನಂತಾರ? ಬೆಂಕಿ ಆರಿಸಿದ್ಯೋ ಇಲ್ಲೋ ಪಂಡರಿ ಅಂತ ಕೇಳಿದ್ರು ಸಾವ್ಕಾರ್ರು. ಆರಿಸಿದ್ದೆ ಅನಸ್ತದರಿ ಅಂದ್ರು ಇವರು. ಅನಸ್ತದೋ, ಖರೇನ ಆರಿಸಿದ್ಯೋ ಅಂದ್ರು ಅವರು. ಇವರು ಕೈ ಮುಗದು, ನೆನಪಾಗವಲ್ದು ಮಾಲಕ, ನಂದೇ ತಪ್ಪಿರಬೇಕು ಅಂದ್ಬಿಟ್ರು." ಅವಳು ಅಕ್ಕಿಯ ನೀರು ಬಸಿದಳು. "ಸಾವ್ಕಾರ್ರು ಚಲೋ ಮನುಷ್ಯಾ. ಶರಣರ ನಾಡಾಗ ಹುಟ್ಟಿದವ್ರು ನಾವು, ಬಡವನ ಹೊಟ್ಟಿ ಮ್ಯಾಲ ಹೊಡಿಯಂಗಿಲ್ಲ, ಮಾಫ್ ಮಾಡೀನಿ ಹೋಗು ಅಂದ್ರು. ಕುರಿ ಅಲ್ಲೇ ಇರ್ಲಿ ಅಂದ್ರು. ಊರೆಲ್ಲಾ ಹೊಗಳಾಕತ್ತದ ಅವರಿಗಿ."

ಹಾಗಾದರೆ ಮುಗಿಯಿತು ಎಂದು ಪೂನಂ ಅಂದುಕೊಂಡಳು. ಪೊಲೀಸರಿಲ್ಲ, ದಂಡವಿಲ್ಲ, ಯಾರನ್ನೂ ಊರು ಬಿಡಿಸಲಿಲ್ಲ. ಪಂಡರಿಯ ಒಲೆಯ ಕಿಡಿಯೇ ಇದ್ದರೂ ಇರಬಹುದು. ಬಲೂನು ಹುಣಸೆಮರಗಳ ಆಚೆ ಇನ್ನೂ ದೂರ ಹೋಗಿರಬಹುದು, ಕಾಗದ ಮೇಲೆಯೇ ಉರಿದು ಮುಗಿದಿರಬಹುದು. ಇದನ್ನೇ ಅವಳು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡಳು. ಮನೆಯಲ್ಲಿ ತಾಯಿ ಕಾಂತಾಬಾಯಿ, "ಯಾಕ ಕೂತಲ್ಲಿ ಕೂಡವಲ್ಲಿ? ಹೊಟ್ಟಿ ನೋಯ್ತದೇನು?" ಎಂದು ಕೇಳಿದಾಗ, ಹೌದು ಎಂದಳು.

ಸೋಮವಾರ ಅವಳು ಹೆಡ್‌ಮಾಸ್ತರರ ಕೋಣೆಗೆ ಹೋದಳು. ಬಾಗಿಲು ಮುಂದೆ ಮಾಡಿದಳು.

"ಸರ್, ಆ ದಿನ ಬಲೂನು..."

ಅಶೋಕಕುಮಾರ ಕೈ ಎತ್ತಿದರು. ಕೆಟ್ಟ ಮನುಷ್ಯನಲ್ಲ. ಬಸವಕಲ್ಯಾಣದಿಂದ ದಿನಾ ಬೈಕಿನಲ್ಲಿ ಬಂದು, ಮಳೆಗಾಲದಲ್ಲಿ ಸೋರುವ ಎರಡು ಕೋಣೆಗಳನ್ನು ದುರಸ್ತಿ ಮಾಡಿಸಲು ಎರಡು ವರ್ಷ ಓಡಾಡಿದವರು.

"ಗಾಳಿ ನಾರಾಯಣಪುರದ ದಿಕ್ಕಿಗಿತ್ತು ಮೇಡಂ, ಆ ಬಣವಿ ಕಡೆ ಅಲ್ಲ. ನಾನೇ ನೋಡೀನಿ."

"ನೀವು ಮೊಬೈಲ್ ನೋಡಾಕತ್ತಿದ್ರಿ ಸರ್."

ಅವರು ಮೇಜಿನ ಮೇಲಿನ ಮೊಬೈಲನ್ನು ಬೋರಲು ಹಾಕಿದರು. "ವಿಡಿಯೋ ಎಲ್ಲಾ ಕಡೆ ಹೋಗ್ಯಾದ. ಡಿಡಿ ಆಫೀಸಿನವ್ರೂ ಶಾಬಾಸ್ ಅಂದಾರ. ಮೊದಲನೇ ಸಲ ಹಾರಿದ್ದಷ್ಟೇ ಹಾಕೀನಿ ಅದರಾಗ. ಇದು ಮುಗದ ವಿಷಯ. ಸಾವ್ಕಾರ್ರು ಮಾಫ್ ಮಾಡ್ಯಾರ, ಅವನೂ ಒಪ್ಪಕೊಂಡಾನ. ಯಾರಿಗೇನು ನುಕ್ಸಾನ ಆತೀಗ?" ಆಮೇಲೆ ಧ್ವನಿ ತಗ್ಗಿಸಿದರು. "ಮುಂದಿನ ವರ್ಷದ ಲಿಸ್ಟ್‌ನಾಗ ನಿಮ್ಮ ಹೆಸರು ನಾನೇ ಕಳಸಬೇಕು. ಶಾಲಾ ಸಮಿತಿ ಅಧ್ಯಕ್ಷರು ಯಾರು, ನಿಮಗೆ ಗೊತ್ತದ."

ಮಹಾರುದ್ರಪ್ಪ. ಅವಳಿಗೆ ಗೊತ್ತಿತ್ತು.

ಅವಳು ಬಾಗಿಲು ತೆರೆದು ಹೊರಬಂದಳು. ವರಾಂಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆದಳು. ಮಕ್ಕಳು ದಾರಿ ಬಿಟ್ಟು ನಿಂತರು.

*

ಬುಧವಾರ ಧೂಳಮ್ಮ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಮಕ್ಕಳು ಬಂದು ಹೇಳಿದಾಗ ಹಣೆ ಬಡಿದುಕೊಂಡಳು.

"ಮನ್ಯಾಗಿನ ಫಿಕರ್ ರೀ ಬಾಯಾರ. ಅವರು ಈಗ ಬೆಂಕಿನೇ ಮುಟ್ಟವಲ್ರು. ಹೊಲದಾಗ ಚಾ ಇಲ್ಲ, ಬೀಡಿ ಇಲ್ಲ. ಬುತ್ತಿ ತಣ್ಣಗೇ ಉಣ್ತಾರ. ಮನೀಗಿ ಬಂದ್ರ ನಾ ಒಲಿ ಆರಿಸಿದ ಮ್ಯಾಲೂ ಮತ್ತ ಬಂದು ನೋಡ್ತಾರ. ಆರೇತೇನು ಅಂತಾರ. ಆರೇದ ಅಂತೀನಿ. ಒಂದು ಗಳಿಗಿ ಬಿಟ್ಟು ಮತ್ತ ಬರ್ತಾರ, ಆರೇತೇನು ಅಂತಾರ."

ಪೂನಂ ತಟ್ಟೆಯನ್ನು ಕೆಳಗಿಟ್ಟಳು.

"ನಿನ್ನಿ ಹಿಂಡು ಎಣಿಸಿದ್ರು. ಒಂದು ಕಮ್ಮಿ ಅದ ಅಂದ್ರು. ನಾ ಎಣಿಸಿದೆ, ಬರೋಬರ್ ಇತ್ತು. ಮತ್ತ ಎಣಿಸಿದ್ರು. ಆಮ್ಯಾಲ ಅಂತಾರ, ನನ್ನ ತಲಿ ಕೆಟ್ಟದ ಧೂಳಿ, ನನ್ನ ಮ್ಯಾಲ ನನಗ ಭರೋಸಾ ಉಳಿದಿಲ್ಲ, ಕುರಿ ಕಾಯೋ ಕೆಲಸ ಇನ್ನ ನನ್ನ ಕಡಿಂದ ಆಗಂಗಿಲ್ಲ ಅಂತ. ಐವತ್ತು ವರ್ಷ ಕಾದ ಮನುಷ್ಯಾರಿ ಅವರು. ಘಾಟಬೋರಾಳದ ಅಳಿಯಗ ಹೇಳಿ ಕಳಿಸ್ಯಾರ. ಐತವಾರ ಬಂದು ಹಿಂಡು ಹೊಡಕೊಂಡು ಹೋಗ್ತಾನ."

ಪೂನಂ ಕೈ ತೊಳೆದಳು. ತೊಳೆದ ಕೈಯನ್ನೇ ಮತ್ತೆ ತೊಳೆದಳು. ಯಾರಿಗೇನು ನುಕ್ಸಾನ ಆತೀಗ ಎಂದು ಹೆಡ್‌ಮಾಸ್ತರರು ಕೇಳಿದ್ದರು.

ಆದರೂ ಗುರುವಾರ ಹೋಗಲಿಲ್ಲ. ಶುಕ್ರವಾರ ಹುಣಸೆಮರಗಳ ತನಕ ಹೋಗಿ, ದೂರದಲ್ಲಿ ಕುರಿಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ ಮುದುಕನನ್ನು ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಹಿಂದಿರುಗಿದಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

*

ಶನಿವಾರ ಅರ್ಧ ದಿನದ ಶಾಲೆ. ಗಂಟೆ ಬಾರಿಸಿದ ಕೂಡಲೇ ಅವಳು ಚೀಲ ಹೆಗಲಿಗೆ ಹಾಕಿ ಹೊರಟಳು. ಈ ಸಲ ನಿಂತರೆ ಕಾಲು ಮುಂದೆ ಹೋಗುವುದಿಲ್ಲವೆಂದು ಗೊತ್ತಿದ್ದುದರಿಂದ ಎಲ್ಲಿಯೂ ನಿಲ್ಲಲಿಲ್ಲ.

ಪಂಡರಿ ಬೂದಿಯ ಗುಡ್ಡೆಗೆ ಎದುರಾಗಿ ಕೂತಿದ್ದ. ಅವಳನ್ನು ಕಂಡು ಏಳಲು ಹೋದ.

"ಕೂಡ್ರಿ ಕಾಕಾ." ಅವಳು ನಿಂತೇ ಒಂದೇ ಉಸಿರಿನಲ್ಲಿ ಹೇಳಿದಳು. "ಬಣವಿ ಸುಟ್ಟದ್ದು ನಿಮ್ಮ ಬೆಂಕೀಲಿಂದ ಅಲ್ಲ. ನನ್ನ ಬಲೂನಿಂದ. ಅದರ ಬಾಯಿಗೆ ನಾ ಬೆಂಕಿ ಕಟ್ಟಿ ಬಿಟ್ಟಿದ್ದೆ. ಅದು ಈ ಕಡೆನೇ ಬಂತು. ನಾ ನೋಡೀನಿ."

ಪಂಡರಿ ಅವಳ ಮುಖವನ್ನೇ ನೋಡಿದ. ಆಮೇಲೆ ಸಣ್ಣಗೆ ನಕ್ಕ. ಮಕ್ಕಳಿಗೆ ನಗುವಂತೆ.

"ನಮ್ಮಾಕಿ ಕಳಿಸ್ಯಾಳೇನ್ರಿ? ಆಕಿ ಹಂಗೇ. ನನ್ನ ಸಮಾಧಾನಕ್ಕ ನೀವ್ಯಾಕ ನಿಮ್ಮ ಮ್ಯಾಲ ಹಾಕ್ಕೊತೀರಿ ಬಾಯಾರ? ಕಾಗದ ಏನ್ ಸುಡ್ತದ ಬಣವಿ? ಆಗೂದು ಆಗಿ ಹೋತು. ನನಗ ಮುಪ್ಪು ಬಂದಾದ."

ಇದನ್ನು ಅವಳು ಎಣಿಸಿರಲಿಲ್ಲ. ಬೈಯುತ್ತಾನೆ, ಅಳುತ್ತಾನೆ, ಊರಿಗೆಲ್ಲ ಹೇಳುತ್ತಾನೆ ಎಂದು ಎಂಟು ದಿನ ಹೆದರಿದ್ದಳು. ನಂಬುವುದೇ ಇಲ್ಲ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಅದರ ಬಾಯಿಗೆ ಕಬ್ಬಿಣದ ಬಳಿ ಇತ್ತು ಕಾಕಾ. ಕಬ್ಬಿಣ ಸುಡಂಗಿಲ್ಲ. ಇದ್ರ ಇಲ್ಲೇ ಇರಬೇಕು."

ಅವಳು ಚೀಲ ನೆಲಕ್ಕಿಟ್ಟು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಬೂದಿಯೊಳಗೆ ಇಳಿದಳು. ಮೊಣಕಾಲಿನ ತನಕ ಹೂತುಹೋಯಿತು. ಮೇಲೆ ಬೂದಿ ತಣ್ಣಗಿತ್ತು. ಒಳಗೆ ಇನ್ನೂ ಉಗುರುಬೆಚ್ಚಗೆ. ಕೈಯಿಂದಲೇ ಎಳೆದೆಳೆದು ಹಾಕಿದಳು. ಗಾಳಿಗೆ ಬೂದಿ ಎದ್ದು ಕಣ್ಣಿಗೆ, ಬಾಯಿಗೆ ತುಂಬಿತು. ಪಂಡರಿ ಬೇಡ ಬೇಡ ಎನ್ನುತ್ತ ಎದ್ದು ನಿಂತ. ಆಮೇಲೆ ಅವನೂ ಕೋಲು ಹಿಡಿದು ಇನ್ನೊಂದು ಬದಿಯಿಂದ ಕೆದಕತೊಡಗಿದ. ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯಲು ಬಗ್ಗಿದವು.

ಎಷ್ಟು ಹೊತ್ತಾಯಿತೋ. ಸುಟ್ಟ ಒಂದು ಗೂಟ ಸಿಕ್ಕಿತು, ಕುಡುಗೋಲಿನ ಅಲಗು ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು ಎಂದು ಅವಳೊಳಗೆ ಯಾವುದೋ ಒಂದು ಇನ್ನೂ ಹೇಳುತ್ತಿತ್ತು. ಆಗ ಪಂಡರಿಯ ಕೋಲಿಗೆ ಏನೋ ತಗಲಿ ಕಿಣಿ ಎಂದಿತು.

ಅವನು ಬಗ್ಗಿ ಎತ್ತಿದ. ಸೈಕಲ್ ಕಡ್ಡಿಯ ಬಳೆ. ನಡುವೆ ಕಪ್ಪಾಗಿ ಸೊಟ್ಟಾದ ತಗಡಿನ ಮುಚ್ಚಳ, ಬಿಗಿದ ತಂತಿ ಹಾಗೇ ಇತ್ತು.

"ಇದೇ ಏನ್ರಿ?"

"ಇದೇ ಕಾಕಾ."

ಪಂಡರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಚ್ಚಳದ ಮೇಲೆ ಬೆರಳಾಡಿಸಿದ. ತಲೆ ಎತ್ತಿ ಆಕಾಶ ನೋಡಿದ, ಶಾಲೆಯ ಕಡೆ ನೋಡಿದ, ಮತ್ತೆ ಬೂದಿ ನೋಡಿದ. ನಿಧಾನವಾಗಿ ಬದುವಿನ ಮೇಲೆ ಕೂತ.

"ಹಂಗಾದ್ರ ನಾ ನೀರು ಹಾಕಿದ್ದೆ," ಎಂದ. ಅವಳಿಗಲ್ಲ, ತನಗೇ ಹೇಳಿಕೊಂಡಂತೆ. "ಹಾಕಿದ್ದೆ. ಒಂದು ಚರಿಗಿ ಹಾಕಿದೆ. ಹೊಗಿ ಬರಾಕತ್ತಿತ್ತು. ಮತ್ತೊಂದು ಚರಿಗಿ ಹಾಕಿದೆ. ಎರಡು ಚರಿಗಿ." ಅವನು ಎರಡು ಬೆರಳು ಎತ್ತಿ ತೋರಿಸಿದ. "ಆಮ್ಯಾಲ ಕಾಲಿಲೆ ಮಣ್ಣ ಸರಿಸೀನಿ. ನೋಡ್ರಿ, ಈಗ ನೆನಪಾಗಾಕತ್ತದ."

ಪೂನಂ ಬೂದಿಯಲ್ಲೇ ನಿಂತಿದ್ದಳು.

ಪಂಡರಿ ತಲೆ ಎತ್ತಿ ಕೇಳಿದ. "ಎಂಟು ದಿನ ಯಾಕ ಸುಮ್ನಿದ್ರಿ ಬಾಯಾರ?"

"ಹೆದರಿದ್ದೆ ಕಾಕಾ. ನೌಕರಿ ಹೋಗ್ತದಂತ. ಮತ್ತ... ಅದು ನನ್ನ ಕೈಲಿಂದ ಜಾರಲಿಲ್ಲ. ನಾನೇ ಬಿಟ್ಟೆ."

"ಯಾಕ?"

ಅವಳು ಹುಣಸೆಮರಗಳ ಮೇಲಿನ ಆಕಾಶ ನೋಡಿದಳು. "ಹೋಗ್ಲಿ ಅನಿಸ್ತು," ಎಂದಳು ಕಡೆಗೆ.

ಪಂಡರಿ ಎದ್ದ. ಬಳೆಯನ್ನು ಅವಳ ಕೈಗೆ ಕೊಟ್ಟ. ಅವನ ದನಿಯಲ್ಲಿ ಈಗ ಮೆತ್ತಗಿನದೇನೂ ಇರಲಿಲ್ಲ. "ನನಗ ಹೇಳಿದ್ರ ಆಗಲಿಲ್ರಿ. ಆ ಕಟ್ಟಿ ಮುಂದ ನಾ ಕೈ ಮುಗದು ನಿಂತಿದ್ದೆ, ಊರೆಲ್ಲಾ ನೋಡೇದ. ನೀವೂ ಅಲ್ಲೇ ನಿಂತು ಹೇಳ್ರಿ. ಇವತ್ತೇ."

*

ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ನಾಲ್ಕು ಗಂಟೆಯ ನೆರಳಿನಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಮಹಾರುದ್ರಪ್ಪ ಗೋಡೆಗೆ ಒರಗಿ ಯಾರದೋ ಜಾಗದ ತಕರಾರು ಕೇಳುತ್ತಿದ್ದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೈ ತುಂಬ ಬೂದಿ ಮೆತ್ತಿಕೊಂಡ ಶಾಲೆಯ ಮೇಡಮ್ಮನೂ ಅವಳ ಹಿಂದೆ ಕಂಬಳಿ ಹೊದ್ದ ಪಂಡರಿಯೂ ಬರುವುದನ್ನು ಕಂಡು ಮಾತು ನಿಂತಿತು.

ಪೂನಂ ಹೇಳಿದಳು. ಮೊದಲು ದನಿ ಏಳಲಿಲ್ಲ. "ಜರಾ ಜೋರ್ ಹೇಳ್ರಿ," ಎಂದರು ಯಾರೋ. ಅವಳು ಮತ್ತೆ ಮೊದಲಿನಿಂದ ಹೇಳಿದಳು. ಹೆಡ್‌ಮಾಸ್ತರರ ಹೆಸರು ತೆಗೆಯಲಿಲ್ಲ. ಸುತಳಿ ತಾನೇ ಬಿಟ್ಟದ್ದನ್ನು ಬಿಡದೆ ಹೇಳಿದಳು. ಬಳೆಯನ್ನು ಕಟ್ಟೆಯ ಮೇಲಿಟ್ಟಳು.

ಮಹಾರುದ್ರಪ್ಪನವರ ಮುಖ ಮೊದಲು ಏನೂ ತೋರಿಸಲಿಲ್ಲ. ಆಮೇಲೆ ಕತ್ತಿನಿಂದ ಮೇಲೆ ಕೆಂಪೇರಿತು.

"ಮೇವು ಸುಟ್ಟದ್ದು ಹೋಗ್ಲಿ," ಎಂದರು. "ಬಸವಣ್ಣನ ಮುಂದ ಕೂತು ಮಾಡದ ತಪ್ಪಿಗಿ ಒಬ್ಬ ಬಡವಗ ಮಾಫ್ ಮಾಡಿದೆ ನಾ. ಊರೆಲ್ಲಾ ಹಾರ ಹಾಕಿದಂಗ ಮಾತಾಡಿದ್ರು. ನಾನೂ ಕೇಳಿಸ್ಕೊಂಡೆ. ಎಂಟು ದಿನ! ನೀವು ಓದಿದವ್ರು. ಮಕ್ಕಳಿಗಿ ಕಲಸವ್ರು. ನಿಮ್ಮ ಬಾಯಿಗೇನಾಗಿತ್ತು?"

ಪೂನಂ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅಳು ಬರುತ್ತಿತ್ತು. "ತಪ್ಪಾಗ್ಯಾದ್ರಿ," ಎಂದಳು.

ಅವರು ಪಂಡರಿಯ ಕಡೆ ತಿರುಗಿದರು. ಸಿಟ್ಟಿನಲ್ಲೇ ಕೇಳಿದರು, "ನೀ ಯಾಕ ಕೈ ಮುಗದಿ ಅವತ್ತು? ನಾ ಮಾಡಿಲ್ಲ ಅನ್ನಾಕ ಬರ್ತಿರಲಿಲ್ಲ?"

"ನೀವು ಅಷ್ಟ್ ಮಂದಿ ಕೇಳಿದ್ರಿ ಮಾಲಕ," ಎಂದ ಪಂಡರಿ. "ನನಗೂ ಹಂಗೇ ಅನಿಸ್ತು."

ಮಹಾರುದ್ರಪ್ಪ ಎದ್ದರು, ಚಪ್ಪಲಿ ಹುಡುಕಿದರು, ಒಂದು ಕಾಲಿಗೆ ಸಿಕ್ಕಿಸಿಕೊಂಡು ಇನ್ನೊಂದಕ್ಕಾಗಿ ತಡಕಾಡಿದರು. ಪಂಡರಿಯ ಮುಂದೆ ಬಂದಾಗ ಅರೆಕ್ಷಣ ನಿಂತರು. ಏನೋ ಹೇಳುತ್ತಾರೆಂದು ಎಲ್ಲರೂ ನೋಡಿದರು. ಅವರು ಅವನ ಹೆಗಲಿಂದ ಜಾರಿದ್ದ ಕಂಬಳಿಯನ್ನು ಎತ್ತಿ ಹೆಗಲಿಗೇರಿಸಿ ಮನೆಯ ಕಡೆ ನಡೆದುಬಿಟ್ಟರು.

ಐತವಾರ ಘಾಟಬೋರಾಳದ ಅಳಿಯ ಬಂದ. ಉಂಡು, ಸಂಜೆಯ ಬಸ್ಸಿಗೆ ಒಬ್ಬನೇ ವಾಪಸು ಹೋದ.

ಸೋಮವಾರ ಧೂಳಮ್ಮ ಪೂನಂಗೆ ಅನ್ನ ಬಡಿಸಿದಳು. ಮುಖ ನೋಡಲಿಲ್ಲ. "ಎಂಟು ದಿನ ನನ್ನ ಕೈಲೇ ಉಂಡ್ರಿ," ಎಂದಳು ಅಷ್ಟೇ. ಆಮೇಲೆ ತಿಂಗಳಿಡೀ ಬಡಿಸಿದಳು, ಮಾತಾಡಲಿಲ್ಲ. ಬಾಯಾರ ಎಂದೂ ಕರೆಯಲಿಲ್ಲ. ಅಶೋಕಕುಮಾರ ಅವಳನ್ನು ಕಂಡಾಗಲೆಲ್ಲ ಮೊಬೈಲ್ ತೆಗೆದು ನೋಡುತ್ತಿದ್ದರು. ಒಂದು ದಿನ ಮಾತ್ರ ತಾವೇ ತರಗತಿಯ ಬಾಗಿಲಿಗೆ ಬಂದು, ಮುಂದಿನ ವರ್ಷಕ್ಕೆ ಬೇರೆ ಯಾರನ್ನೋ ಸಮಿತಿ ಹೇಳಿದೆ ಎಂದು ತಿಳಿಸಿದರು. "ನಾ ಹೇಳಿ ನೋಡೀನಿ ಮೇಡಂ," ಎಂದರು. ಹೇಳಿರಬಹುದು ಎಂದು ಪೂನಂಗೆ ಅನಿಸಿತು.

ಏಪ್ರಿಲ್‌ನಲ್ಲಿ ಶಾಲೆಯ ಕಡೆಯ ದಿನ ಅವಳು ಪ್ರಯೋಗಾಲಯದ ಕೀಲಿ ಒಪ್ಪಿಸಿ ಹೊರಟಾಗ, ಅಡುಗೆಕೋಣೆಯ ಬಾಗಿಲಲ್ಲಿ ಧೂಳಮ್ಮ ಪಾತ್ರೆ ಬೋರಲು ಹಾಕುತ್ತಿದ್ದಳು. ಪೂನಂ ಕೈ ಮುಗಿದಳು.

"ಹುಮನಾಬಾದದಾಗ ನಿಮ್ಮ ಮನಿ ಎಲ್ಲಿ ಬರ್ತದ?" ಎಂದು ಕೇಳಿದಳು ಧೂಳಮ್ಮ, ಪಾತ್ರೆಯನ್ನೇ ನೋಡುತ್ತ.

ಪೂನಂ ಓಣಿಯ ಹೆಸರು ಹೇಳಿದಳು, ಮನೆಯ ಮುಂದಿನ ಹಿಟ್ಟಿನ ಗಿರಣಿಯ ಗುರುತು ಹೇಳಿದಳು. ಧೂಳಮ್ಮ ಹೂಂ ಎಂದಳು.

ಬಸ್ಸಿನಲ್ಲಿ ಮದುವೆಗೆ ಹೊರಟವರೇ ತುಂಬಿದ್ದರು. ಪೂನಂಗೆ ಮುಂದುಗಡೆ, ಡ್ರೈವರನ ಹಿಂದೆ ಜಾಗ ಸಿಕ್ಕಿತು. ಊರು ದಾಟಿ ಹೆದ್ದಾರಿಗೆ ಬಿದ್ದು ಒಂದು ಮೈಲಿಯೂ ಹೋಗಿರಲಿಲ್ಲ, ಬಸ್ಸು ಗಕ್ಕನೆ ನಿಂತಿತು. ಕುರಿಹಿಂಡು ರಸ್ತೆ ದಾಟುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದ, ಕಿಟಕಿಯಿಂದ ತಲೆ ಹೊರಹಾಕಿ ಬೈದ. ಹಿಂದೆ ಲಾರಿ, ಅದರ ಹಿಂದೆ ಕಾರು, ಎಲ್ಲವೂ ಹಾರ್ನ್ ಹೊಡೆಯತೊಡಗಿದವು.

ರಸ್ತೆಯ ನಡುವೆ ಪಂಡರಿ ನಿಂತಿದ್ದ. ಬಸ್ಸಿನ ಕಡೆ ಬೆನ್ನು ಮಾಡಿ, ಒಂದು ಕೈ ಹಿಂದೆ ಚಾಚಿ, ಅಂಗೈಯನ್ನು ಬಿಸಿಯಾದ ಬಾನೆಟ್ಟಿನ ಮೇಲೆ ಊರಿದ್ದ. ಇನ್ನೊಂದು ಕೈಯ ಬೆರಳು ಗಾಳಿಯಲ್ಲಿ ಒಂದೊಂದೇ ಕುರಿಯನ್ನು ಮುಟ್ಟುತ್ತ ಹೋಗುತ್ತಿತ್ತು, ತುಟಿ ಅಲುಗುತ್ತಿತ್ತು. ತಿರುಗಿ ನೋಡಲಿಲ್ಲ. ಹಿಂದುಳಿದ ಒಂದು ಕುಂಟು ಮರಿ ರಸ್ತೆಯ ಅಂಚಿನಲ್ಲಿ ಅನುಮಾನಿಸಿ ನಿಂತು, ಕೊನೆಗೆ ಕಾಲೆತ್ತಿಟ್ಟು ದಾಟುವ ತನಕ ಅವನು ಆ ಕೈಯನ್ನು ತೆಗೆಯಲಿಲ್ಲ.